ಪೆನ್ಸಿಲ್ ಗುರುತಿನ ಮೇಲೆ ಸಹಿ

ಅಕ್ಕ ಆ ಕಾಗದವನ್ನು ಮಡಚದೆ, ಎರಡು ರಟ್ಟಿನ ನಡುವೆ ಜೋಪಾನವಾಗಿ ಇಟ್ಟುಕೊಂಡು, ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಬಾಗಿಲಲ್ಲೇ ತಮ್ಮನ ಕೈಗೆ ಕೊಟ್ಟಳು.

"ಇದೇನು ಅಂತ ಸ್ವಲ್ಪ ನೋಡೋ. ಶುಕ್ರವಾರ ಬೆಳಿಗ್ಗೆ ಸೈನ್ ಮಾಡಿ ಕೊಡಬೇಕಂತೆ."

ತಮ್ಮನಿಗೆ ಬೀದಿಯಲ್ಲೆಲ್ಲ ಬ್ರೇಕ್ ಮೇಷ್ಟ್ರು ಎಂದೇ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾರೆ. ದಿನವಿಡೀ "ಬ್ರೇಕ್! ಬ್ರೇಕ್!" ಎಂದು ಕೂಗಿ ಗಂಟಲು ಒಡೆದ ತಮಟೆಯಂತಾಗಿದೆ. ಅಕ್ಕ ಇರುವುದು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ. ಅಲ್ಲಿನ ಹಾಸಿಗೆ ಬಟ್ಟೆ, ಟವೆಲ್ಲುಗಳನ್ನು ಹನ್ನೊಂದು ವರ್ಷಗಳಿಂದ ಒಗೆದು, ಇಸ್ತ್ರಿ ಮಾಡಿ, ಮಡಚಿ ಜೋಡಿಸುತ್ತಿದ್ದಾಳೆ. ಅವಳೊಬ್ಬಳ ಜೀವನ ಆ ಕೆಲಸದ ಮೇಲೆಯೇ ನಿಂತಿದೆ. ಅದು ಹೋದರೆ ಐವತ್ತಮೂರನೇ ವಯಸ್ಸಿನಲ್ಲಿ, ಮೊಣಕಾಲು ನೋವಿಟ್ಟುಕೊಂಡು, ಇನ್ನೊಂದು ಕೆಲಸ ಹುಡುಕುವುದು ಸುಲಭವಲ್ಲ.

ಮೇಷ್ಟ್ರು ಕನ್ನಡಕ ಏರಿಸಿ ಮೊದಲ ಹಾಳೆ ಓದಿದರು. ಹೆಸರು, ವಿಳಾಸ, ಫೋಟೋ ಅಂಟಿಸಲು ಜಾಗ.

"ಹೊಸ ಗುರುತಿನ ಚೀಟಿ ವಿಷಯ ಅಕ್ಕ. ಭಯ ಬೀಳೋದು ಏನೂ ಇಲ್ಲ. ನೋಡು, ಸೈನ್ ಹಾಕೋ ಕಡೆ ಪೆನ್ಸಿಲಿನಲ್ಲಿ ಗುರುತು ಬೇರೆ ಹಾಕಿ ಕೊಟ್ಟಿದ್ದಾರೆ, ಪಾಪ. ಇಲ್ಲೊಂದು, ಎರಡನೇ ಹಾಳೆಯಲ್ಲೊಂದು. ಹಾಕ್ಬಿಡು."

ಮೇಷ್ಟ್ರನ್ನು ಬೈಯುವಂತಿಲ್ಲ. ಅವರ ಕಸುಬಿನ ಅಭ್ಯಾಸ ಅದು. ಹೊಸದಾಗಿ ಸೇರುವವರ ಅರ್ಜಿಗಳ ಮೇಲೆ ಅವರೇ ದಿನಾ ಪೆನ್ಸಿಲಿನಲ್ಲಿ ಕತ್ತರಿ ಗುರುತು ಹಾಕುತ್ತಾರೆ. "ಗುರುತು ಇರೋ ಕಡೆ ಸೈನ್ ಮಾಡಿ, ಬೇಗ ಬೇಗ" ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಓದಿ ಸಹಿ ಹಾಕಿದ್ದನ್ನು ಅವರು ನೋಡಿಲ್ಲ. ಪೆನ್ಸಿಲ್ ಗುರುತು ಎಂದರೆ ಸಹಾಯ ಎಂದೇ ಅವರ ಲೆಕ್ಕ.

ಅಕ್ಕ ಪೆನ್ನು ತೆಗೆದುಕೊಂಡಳು. ಅಷ್ಟರಲ್ಲಿ ಮೇಷ್ಟ್ರ ಮಗಳು ಕಾಲೇಜಿನಿಂದ ಬಂದಳು. ಕಾನೂನು ಪದವಿಯ ನಾಲ್ಕನೇ ವರ್ಷ. ಚೀಲವನ್ನೂ ಇಳಿಸದೆ ಅತ್ತೆಯ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಅಪ್ಪಾ, ಎರಡನೇ ಹಾಳೆ ಓದಿದ್ಯಾ?"

"ಅದೂ ಅದೇ ಇರುತ್ತೆ ಪುಟ್ಟಿ."

"ಅದೇ ಅಲ್ಲ. ಕೇಳು." ಮಗಳು ಗಟ್ಟಿಯಾಗಿ ಓದಿದಳು: "ನಾನು ನನ್ನ ಸ್ವಂತ ಇಚ್ಛೆಯಿಂದ ಈ ತಿಂಗಳ ಕೊನೆಯ ದಿನ ಕೆಲಸ ಬಿಡುತ್ತಿದ್ದೇನೆ. ಸಂಸ್ಥೆಯಿಂದ ನನಗೆ ಬರಬೇಕಾದದ್ದು ಏನೂ ಉಳಿದಿಲ್ಲ."

ಅಕ್ಕ ಪೆನ್ನು ಕೆಳಗಿಟ್ಟಳು. "ನಾನು ಯಾವಾಗ ಬಿಡ್ತೀನಿ ಅಂದೆ? ಲಾಂಡ್ರಿನ ಬೇರೆ ಕಂಪನಿ ವಹಿಸ್ಕೊಳ್ಳುತ್ತೆ, ಚೀಟಿ ಮಾತ್ರ ಬದಲಾಗುತ್ತೆ ಅಂದ್ರು ಮ್ಯಾನೇಜರ್ರು."

"ಅಲ್ಲಿ ಬಿಟ್ಟ ಹಾಗೆ ಮಾಡಿ ಇಲ್ಲಿ ಸೇರಿಸ್ಕೊಳ್ತಾರೇನೋ," ಎಂದರು ಮೇಷ್ಟ್ರು. ಆದರೆ ಅವರ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಈಗ ಏನು ಮಾಡೋದು ಪುಟ್ಟಿ?"

"ಇವತ್ತು ಸೈನ್ ಹಾಕೋದು ಬೇಡ."

"ಹಾಕದಿದ್ರೆ ಕೆಲಸ ಉಳಿಯುತ್ತಾ?"

"ನಂಗೆ ಗೊತ್ತಿಲ್ಲ ಅಪ್ಪ."

"ಗೊತ್ತಿಲ್ವಾ! ನಾಲ್ಕು ವರ್ಷ ಏನು ಓದಿದೆ ಮತ್ತೆ?"

ಮಗಳಿಗೆ ಕೋಪ ಬರಲಿಲ್ಲ. "ಗೊತ್ತಿಲ್ಲದ್ದನ್ನ ಗೊತ್ತು ಅನ್ನಬಾರದು ಅಂತಾನೇ ಮೊದಲು ಓದಿದ್ದು. ಗುರುವಾರ ಮಧ್ಯಾಹ್ನ ನಮ್ಮ ಕಾಲೇಜಿನ ಕಾನೂನು ನೆರವು ಕೇಂದ್ರಕ್ಕೆ ಬನ್ನಿ ಅತ್ತೆ. ಅಲ್ಲಿ ವಿದ್ಯಾರ್ಥಿಗಳು ಕೂತಿರ್ತಾರೆ, ಜೊತೆಗೆ ನಮ್ಮ ಮೇಡಂ ಇರ್ತಾರೆ. ದುಡ್ಡು ಗಿಡ್ಡು ಏನೂ ಕೊಡಬೇಕಾಗಿಲ್ಲ. ಆದ್ರೆ ನಾನು ನಿಮ್ಮದನ್ನ ನೋಡೋ ಹಾಗಿಲ್ಲ. ಸ್ವಂತ ಸಂಬಂಧಿಕರದ್ದು ಬೇರೆಯವರೇ ನೋಡ್ಬೇಕು."

ಮೇಷ್ಟ್ರ ತಲೆ ಗಿರ್ರೆಂದಿತು. ಮನೆಯಲ್ಲೇ ಒಬ್ಬಳು ಲಾಯರ್ ತಯಾರಾಗುತ್ತಿದ್ದಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಈಗ ನೋಡಿದರೆ ಅವಳಿಗೆ ಗೊತ್ತಿಲ್ಲವಂತೆ, ಗೊತ್ತಿದ್ದರೂ ಹೇಳುವಂತಿಲ್ಲವಂತೆ, ಹೇಳುವವರು ಇನ್ನೂ ಪಾಸಾಗದವರಂತೆ!

ಈ ಓದೇ ಅವರಿಗೆ ಮೊದಲಿನಿಂದ ಅರ್ಥವಾಗಿರಲಿಲ್ಲ. ಮೊದಲೆರಡು ವರ್ಷ ಪುಸ್ತಕ ಓದಿದಳು, ಸರಿ. ಆಮೇಲೆ ಕೋರ್ಟಿಗೆ ಹೋಗಿ ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತು, ನೋಡಿದ್ದನ್ನೆಲ್ಲ ಡೈರಿಯಲ್ಲಿ ಬರೆಯತೊಡಗಿದಳು. ಕಳೆದ ವರ್ಷವಂತೂ ಕಪ್ಪು ಕೋಟು ಹಾಕಿಕೊಂಡು ಕಾಲೇಜಿನಲ್ಲೇ ಕಟ್ಟಿದ ಅಣಕು ನ್ಯಾಯಾಲಯದಲ್ಲಿ, ಹುಟ್ಟೇ ಇಲ್ಲದ ಮನುಷ್ಯನೊಬ್ಬನ ಪರವಾಗಿ ವಾದ ಮಾಡಿ, ಸೋತು, ಮನೆಗೆ ಬಂದು ಅತ್ತಿದ್ದಳು. "ಇಲ್ಲದವನಿಗೆ ಜೈಲಾದ್ರೆ ನಿಂಗೇನು ನಷ್ಟ?" ಎಂದು ಮೇಷ್ಟ್ರು ಸಮಾಧಾನ ಮಾಡಿದ್ದರು. ಮಗಳು ಇನ್ನೂ ಜೋರಾಗಿ ಅತ್ತಳು.

ಅಕ್ಕ ಹೋದ ಮೇಲೆ ಹೆಂಡತಿಯ ಹತ್ತಿರ ಗೊಣಗಿದರು. "ಎಲ್ ಬೋರ್ಡ್ ಹಾಕಿಕೊಂಡವರ ಕೈಗೆ ನಮ್ಮ ಅಕ್ಕನ ಕೊಡೋದಾ?"

ಹೆಂಡತಿ ಪಾತ್ರೆ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಮೂವತ್ತು ವರ್ಷದಿಂದ ಲೈಸೆನ್ಸ್ ಇಟ್ಕೊಂಡಿರೋರು ನೀವು. ಸೈನ್ ಹಾಕ್ಬಿಡು ಅಂದ್ರಿ."

ಮೇಷ್ಟ್ರಿಗೆ ಗೊಂದಲ ಬಿಡಲಿಲ್ಲ. ಮರುದಿನ ಕಾರು ಕಲಿಯಲು ಬಂದವರನ್ನೆಲ್ಲ ಕೇಳಿದರು. "ಸೈನ್ ಹಾಕಿ ಕೊಟ್ಬಿಡಿ ಮೇಷ್ಟ್ರೇ, ದೊಡ್ಡವರ ಹಗೆ ಯಾಕೆ?" ಎಂದ ಬಟ್ಟೆ ಅಂಗಡಿಯವನು. "ಹರಿದು ಮುಖದ ಮೇಲೆ ಎಸೀರಿ," ಎಂದಳು ಶಾಲೆಯ ಟೀಚರು. ಔಷಧಿ ಅಂಗಡಿಯವನು ಗೇರು ಬದಲಾಯಿಸುವುದನ್ನೂ ಮರೆತು, "ಕೋರ್ಟಿನ ಸಹವಾಸವೇ ಬೇಡ," ಎಂದು ತನ್ನ ಭಾವನ ಕೇಸು ಹದಿನಾಲ್ಕು ವರ್ಷ ನಡೆದ ಕಥೆಯನ್ನು ಶುರು ಮಾಡಿದ. ಮೂವರೂ ಖಡಾಖಂಡಿತವಾಗಿ ಹೇಳಿದರು. ಕಾಗದವನ್ನು ಮಾತ್ರ ಒಬ್ಬರೂ ನೋಡಿರಲಿಲ್ಲ.

ಕೇಳುತ್ತ ಕೇಳುತ್ತ ಮೇಷ್ಟ್ರ ಕಾಲು ತಾನಾಗಿ ಒತ್ತಿತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಖಾಲಿ ರಸ್ತೆಯ ನಡುವೆ ಕಾರು ಗಕ್ಕನೆ ನಿಂತಿತು.

"ಸಾರ್, ನಾನೇನು ತಪ್ಪು ಮಾಡ್ದೆ?"

"ನೀವಲ್ಲ, ನಾನೇ. ನಡೀರಿ."

ಗುರುವಾರ ಮಧ್ಯಾಹ್ನ ಮೇಷ್ಟ್ರು ಅಕ್ಕನನ್ನು ಕರೆದುಕೊಂಡು ಕಾಲೇಜಿಗೆ ಹೋದರು. ಅದು ಗ್ರಂಥಾಲಯದ ಪಕ್ಕದ ಸಣ್ಣ ಕೋಣೆ. ಒಂದು ಮೇಜು, ಐದು ಕುರ್ಚಿ, ಬೀಗ ಹಾಕಿದ ಕಬ್ಬಿಣದ ಬೀರು, ನೀರಿನ ಹೂಜಿ. ಮೇಜಿನ ಆಚೆ ಎತ್ತರದ ಹುಡುಗಿಯೊಬ್ಬಳು ಕೂತಿದ್ದಳು, ಮಗಳ ಸಹಪಾಠಿ. ಅವಳ ಹಿಂದೆ, ಗೋಡೆಗೆ ಒರಗಿದ ಕುರ್ಚಿಯಲ್ಲಿ, ನರೆಗೂದಲಿನ ಮೇಡಂ. ವಕೀಲಿಕೆ ಮಾಡಿ ಆಮೇಲೆ ಪಾಠಕ್ಕೆ ಬಂದವರಂತೆ. ಮಗಳು ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ ಹೊರಟುಹೋದಳು.

"ಇವರು ಹೊರಗೆ ಇರಬೇಕಾ, ಒಳಗೆ ಇರಬೇಕಾ ಅಮ್ಮ? ನೀವು ಹೇಳಿದ ಹಾಗೆ," ಎಂದು ಹುಡುಗಿ ಅಕ್ಕನನ್ನು ಕೇಳಿದಳು.

ತನ್ನನ್ನು ಹೊರಗೆ ಕಳಿಸಬಹುದು ಎಂಬ ಯೋಚನೆಯೇ ಮೇಷ್ಟ್ರಿಗೆ ಬಂದಿರಲಿಲ್ಲ. ಅಕ್ಕ ತಮ್ಮನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಇರಲಿ ಬಿಡಿ. ಆದ್ರೆ ಬಾಯಿ ಹಾಕೋ ಹಾಗಿಲ್ಲ."

ಹುಡುಗಿ ಹೊಸ ಹಾಳೆ ತೆಗೆದು ತಾರೀಖು ಬರೆದಳು. ಪ್ರಶ್ನೆಗಳು ನೇರವಾಗಿದ್ದವು. ಕಾಗದ ಕೊಟ್ಟವರು ಯಾರು? ಯಾವ ದಿನ? ಕೊಡುವಾಗ ಏನೆಂದರು? ಪಕ್ಕದಲ್ಲಿ ಯಾರಿದ್ದರು? ಹಳೆಯ ಗುರುತಿನ ಚೀಟಿ ಇದೆಯೇ? ಸಂಬಳದ ಚೀಟಿಗಳು? ಅಕ್ಕ ಆವಿ ಯಂತ್ರದ ಬಿಸಿ, ಮೊಣಕಾಲು, ಮೇಸ್ತ್ರಿಯ ಬೈಗುಳ ಎಲ್ಲವನ್ನೂ ಸುತ್ತಿ ಬಳಸಿ ಹೇಳಿದಳು. ಹುಡುಗಿ ನಡುವೆ ತಡೆಯಲಿಲ್ಲ. ಬರೆದುಕೊಂಡದ್ದನ್ನು ಕೊನೆಗೆ ಓದಿ ಹೇಳಿದಳು. "ಹೌದು, ಹೀಗೇ ನಡೆದದ್ದು," ಎಂದಳು ಅಕ್ಕ. ಹನ್ನೊಂದು ವರ್ಷದ ಕೆಲಸದ ಕಥೆಯನ್ನು ಯಾರಾದರೂ ಪೂರ್ತಿ ಕೇಳಿದ್ದು ಅದೇ ಮೊದಲು.

ಹುಡುಗಿಗೆ ಹುರುಪು ಬಂತು. "ನೀವೇನೂ ಯೋಚನೆ ಮಾಡ್ಬೇಡಿ ಅಮ್ಮ. ನಿಮ್ಮನ್ನ ತೆಗೆಯೋಕೆ ಯಾರ ಕೈಲೂ ಆಗಲ್ಲ."

"ನಿಲ್ಲಿಸು," ಎಂದರು ಮೇಡಂ. ಗಟ್ಟಿಯಾಗಿಯೂ ಅಲ್ಲ, ಸಿಟ್ಟಿನಿಂದಲೂ ಅಲ್ಲ. "ಅದು ನಮಗೆ ಗೊತ್ತಿಲ್ಲ. ನಮಗೆ ಗೊತ್ತಿರೋದು ಎಷ್ಟೋ ಅಷ್ಟೇ ಹೇಳು."

ಹುಡುಗಿಯ ಮುಖ ಕೆಂಪಾಯಿತು. "ತಪ್ಪಾಯ್ತು ಅಮ್ಮ. ಮುಂದೆ ಏನಾಗುತ್ತೆ ಅಂತ ಈಗಲೇ ಹೇಳೋಕೆ ಆಗಲ್ಲ."

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಎರಡನೇ ಬ್ರೇಕು!" ಎಂಬ ಮಾತು ಬಾಯಿಂದ ಹಾರಿಯೇಬಿಟ್ಟಿತು.

"ಬಾಯಿ ಹಾಕ್ಬೇಡ ಅಂದಿದ್ನಲ್ಲೋ!" ಎಂದಳು ಅಕ್ಕ.

"ಅಲ್ಲ ಅಕ್ಕ, ನಮ್ಮ ಕಾರಲ್ಲೂ ಹೀಗೇ. ಸ್ಟೇರಿಂಗು ಕಲಿಯೋರ ಕೈಲಿ, ಇನ್ನೊಂದು ಬ್ರೇಕು ನಮ್ಮ ಕಾಲಡೀಲಿ. ರಸ್ತೆಗೆ ಇಳಿಸದೆ ಬರೀ ಪುಸ್ತಕ ಓದ್ಸಿ ಲೈಸೆನ್ಸ್ ಕೊಟ್ರೆ ಗತಿ ಏನು? ಅದಕ್ಕೇ ಇವರನ್ನ ಇಲ್ಲಿ ಕೂರ್ಸಿರೋದು."

ಮೇಡಂ ನಕ್ಕರು. "ಅಷ್ಟೇ ಮೇಷ್ಟ್ರೇ. ಇವರು ಕೋರ್ಟಲ್ಲಿ ವಾದ ಮಾಡಲ್ಲ. ಕೇಳ್ತಾರೆ, ಓದ್ತಾರೆ, ಬರೀತಾರೆ. ಪ್ರತಿ ಸಾಲನ್ನೂ ನಾನು ನೋಡಿದ ಮೇಲೇ ಹೊರಗೆ ಹೋಗೋದು. ನಮ್ಮ ಕೈ ಮೀರಿದ್ದಾದ್ರೆ ಉಚಿತ ನೆರವು ಕೊಡೋ ವಕೀಲರ ಹತ್ರ ಕಳಿಸ್ತೀವಿ."

ಆಮೇಲೆ ಮೇಡಂ ಎರಡು ಹಾಳೆಗಳನ್ನೂ ಓದಿದರು. ಮೊದಲನೆಯದು ಚೀಟಿಗೆ, ಎರಡನೆಯದು ರಾಜೀನಾಮೆಗೆ. ಒಂದಕ್ಕೆ ಸಹಿ ಹಾಕಿದರೆ ಇನ್ನೊಂದಕ್ಕೂ ಹಾಕಲೇಬೇಕೆಂದಿಲ್ಲ. ಎರಡನೆಯದಕ್ಕೆ ಹಾಕಿದರೆ ಹನ್ನೊಂದು ವರ್ಷದ ಸೇವೆಯನ್ನು ತಾನೇ ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟಂತೆ. ಹಾಕದಿದ್ದರೆ ಮ್ಯಾನೇಜರಿಗೆ ಸಿಟ್ಟು ಬರಬಹುದು, ಮುಂದೆ ಓಡಾಟವೂ ಇರಬಹುದು. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿ, "ನಿರ್ಧಾರ ನಿಮ್ಮದು," ಎಂದರು.



ಅಕ್ಕ ಮೊದಲ ಹಾಳೆಗೆ ಸಹಿ ಹಾಕಿ, ಎರಡನೆಯದನ್ನು ಪಕ್ಕಕ್ಕೆ ಸರಿಸಿದಳು. "ಕೆಲಸ ಬಿಡೋ ಮನಸ್ಸು ನಂಗಿಲ್ಲ. ಹಾಗಂತ ಬರೀರಿ," ಎಂದಳು.

ಹುಡುಗಿ ಬರೆದಳು. ಮೇಡಂ ಎರಡು ಕಡೆ ತಿದ್ದಿದರು. ಅರ್ಧ ಪುಟದ ಪತ್ರ. ಗುರುತಿನ ಚೀಟಿಯ ಅರ್ಜಿಗೆ ಸಹಿ ಹಾಕಿದ್ದೇನೆ, ನಾನು ಕೆಲಸ ಬಿಡುತ್ತಿಲ್ಲ, ಎರಡನೇ ಹಾಳೆ ಯಾಕೆ ಬೇಕು ಎಂಬುದನ್ನು ಬರಹದಲ್ಲಿ ತಿಳಿಸಿ. ಅಷ್ಟೇ. ಅದನ್ನು ಅಕ್ಕನೇ ಎರಡು ಸಲ ಓದಿ ಆಮೇಲೆ ಸಹಿ ಹಾಕಿದಳು. ಎರಡು ಪ್ರತಿ ಮಾಡಿದರು. ಒಂದು ಕಚೇರಿಗೆ, ಇನ್ನೊಂದರ ಮೇಲೆ 'ತಲುಪಿದೆ' ಎಂದು ಬರೆಸಿ, ತಾರೀಖು ಹಾಕಿಸಿ, ವಾಪಸು ತರಬೇಕು.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರು ಪತ್ರ ಓದಿ ಹುಬ್ಬು ಗಂಟಿಕ್ಕಿದರು. "ಯಾರು ಹೇಳಿಕೊಟ್ರು ಇದನ್ನೆಲ್ಲ?"

"ಓದಿ ನೋಡಿದೆ ಸಾರ್. ಗೊತ್ತಾಯ್ತು. ಇದರ ಮೇಲೆ ತಲುಪಿದೆ ಅಂತ ಬರ್ಕೊಡಿ."

ಕಾಲು ಗಂಟೆ ನಿಲ್ಲಿಸಿದರು. ಮೊಣಕಾಲು ಸಿಡಿಯುತ್ತಿದ್ದರೂ ಅಕ್ಕ ಅಲ್ಲಾಡಲಿಲ್ಲ. ಕೊನೆಗೆ ಬರೆದುಕೊಟ್ಟರು. ತಿಂಗಳು ಮುಗಿಯಿತು, ಹೊಸ ಕಂಪನಿ ಬಂತು. ಅಕ್ಕನ ಹೆಸರು ಹಳೆಯ ಸೇವೆಯ ಸಮೇತ ಹೊಸ ಪಟ್ಟಿಯಲ್ಲಿತ್ತು. ಅವಳ ಪಕ್ಕದಲ್ಲೇ ಟವೆಲ್ ಮಡಚುತ್ತಿದ್ದ ಗೆಳತಿ ಬುಧವಾರವೇ ಎರಡೂ ಕಡೆ ಸಹಿ ಹಾಕಿ ಕೊಟ್ಟಿದ್ದಳು. ಅವಳ ಹೆಸರು ಇರಲಿಲ್ಲ. ಈಗ ಅವಳ ಕಾಗದಗಳೂ ಆ ಸಣ್ಣ ಕೋಣೆಯ ಬೀರುವಿನಲ್ಲಿವೆ. ವಕೀಲರೊಬ್ಬರು ನೋಡುತ್ತಿದ್ದಾರೆ. ಏನಾಗುವುದೋ ಯಾರೂ ಹೇಳಲಾರರು.

ಮಗಳ ಕೋರ್ಟ್ ಡೈರಿಯನ್ನು ಮೇಷ್ಟ್ರು ಈಗ ತಾವೇ ಕೇಳಿ ತೆಗೆದುಕೊಂಡು ಓದುತ್ತಾರೆ. ಅರ್ಧ ಅರ್ಥವಾಗುವುದಿಲ್ಲ. ಅರ್ಥವಾಗದಿದ್ದರೆ ಕೇಳುತ್ತಾರೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸಹಿ ಹಾಕಿ ಎಂದು ಯಾರು ಕೊಟ್ಟರೂ ಕೊನೆಯ ಹಾಳೆಯವರೆಗೆ ಓದಿ, ಇಲ್ಲವೇ ಓದಿಸಿ. "ನಾಳೆ ಕೊಡುತ್ತೇನೆ" ಎಂದು ಸಮಯ ಕೇಳುವುದು ಅವಮಾನವಲ್ಲ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ತಲೆ ಕೆಟ್ಟು ಗೊಂದಲವಾದರೆ, ಕಾಗದ ನೋಡದೆ ತೀರ್ಪು ಕೊಡುವವರ ಮಾತಿಗೆ ಬೀಳಬೇಡಿ. ನಿಮ್ಮ ಊರಿನ ಕಾನೂನು ಕಾಲೇಜಿನಲ್ಲಿ ಇಂಥ ನೆರವು ಕೇಂದ್ರ ಯಾವ ದಿನ ತೆರೆದಿರುತ್ತದೆ ಎಂದು ವಿಚಾರಿಸಿ, ಕಾಗದ ಹಿಡಿದುಕೊಂಡು ಹೋಗಿ. ಮನೆಯಲ್ಲಿ ಕಾನೂನು ಓದುವ ಮಗನೋ ಮಗಳೋ ಇದ್ದರೆ, ಪುಸ್ತಕ ಬಿಟ್ಟು ಎಲ್ಲಿಗೆ ಹೊರಟೆ ಎಂದು ತಡೆಯಬೇಡಿ. ಜನರ ಎದುರು ಕೂತು ಕೇಳಿಸಿಕೊಳ್ಳುವುದೂ ಆ ಓದಿನ ಭಾಗವೇ.

ಅಕ್ಕ ಹೋದದ್ದು ಗುರುವಾರ, ಗೆಳತಿ ಸಹಿ ಹಾಕಿದ್ದು ಬುಧವಾರ. ನಡುವೆ ಇದ್ದದ್ದು ಒಂದೇ ದಿನ. ನಿಮ್ಮ ಕೈಯಲ್ಲಿ ಅಂಥ ಕಾಗದವಿದ್ದರೆ, ಇವತ್ತೇ ಹೊರಡಿ.