ಎರಡನೇ ಮಹಡಿಯವರು

ವಿರೋಧ ಪಕ್ಷ ಎಷ್ಟು ಸಲ ಸೋತಿತ್ತೆಂದರೆ, ಸೋಲಿಗೆ ಕಾರಣ ಹುಡುಕುವ ಸಮಿತಿಗೆ ಕಚೇರಿಯಲ್ಲಿ ಕಾಯಂ ಕೋಣೆಯೇ ಇತ್ತು. ಕಚೇರಿ ಇದ್ದದ್ದು ಟೈರ್ ಅಂಗಡಿಯ ಮೇಲೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಭಾಷಣ ನಿಲ್ಲುತ್ತಿತ್ತು. ಯಂತ್ರ ನಿಂತ ಮೇಲೆ ಭಾಷಣ ಎಲ್ಲಿಗೆ ಬಂದಿತ್ತೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಅದರಿಂದ ನಷ್ಟವೂ ಆಗುತ್ತಿರಲಿಲ್ಲ.

ಪಕ್ಷದ ವಕ್ತಾರನನ್ನು ಎಲ್ಲರೂ ಖಂಡನೆ ಎಂದೇ ಕರೆಯುತ್ತಿದ್ದರು. ದಿನ ಬೆಳಗಾದರೆ ಮೇಯರ್ ಮೇಲೆ ಒಂದು ಹೇಳಿಕೆ ಬಿಡುವುದು ಅವನ ಕೆಲಸ. ಮೇಯರ್ ಸೇತುವೆ ಕಟ್ಟಿದರೂ ಖಂಡಿಸುತ್ತಿದ್ದ, ಕಟ್ಟದಿದ್ದರೂ ಖಂಡಿಸುತ್ತಿದ್ದ. ಒಮ್ಮೆ ಮೇಯರ್‌ಗೆ ಜ್ವರ ಬಂದಾಗ, ಬೇಗ ಗುಣವಾಗಬೇಕೆಂದು ಪಕ್ಷವು ತೀವ್ರವಾಗಿ ಆಗ್ರಹಿಸುತ್ತದೆ ಎಂದು ಬರೆದಿದ್ದ.

ಹೊಸದಾಗಿ ಬಂದ ಅಧ್ಯಕ್ಷೆ ಹಲ್ಲಿನ ಡಾಕ್ಟರು. ಮೊದಲ ಸಭೆಯಲ್ಲೇ ಖಂಡನೆಯ ಇತ್ತೀಚಿನ ಭಾಷಣ ಕೈಗೆ ತೆಗೆದುಕೊಂಡು, ಮೇಯರ್ ಹೆಸರಿದ್ದ ವಾಕ್ಯಗಳನ್ನೆಲ್ಲ ಬಿಟ್ಟು ಮಿಕ್ಕಿದ್ದನ್ನು ಗಟ್ಟಿಯಾಗಿ ಓದಿದರು.

"ಮಾನ್ಯ ನಾಗರಿಕರೇ. ಧನ್ಯವಾದಗಳು."

ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಇಷ್ಟು ಮಾತ್ರ ನಮ್ಮದು. ಮಿಕ್ಕಿದ್ದು ಅವರ ಪ್ರಚಾರ," ಎಂದರು ಅಧ್ಯಕ್ಷೆ. "ಅವರ ಹೆಸರನ್ನ ಅವರ ಮನೆಯವರೂ ಇಷ್ಟು ಸಲ ಹೇಳಲ್ಲ. ಇವತ್ತಿಂದ ಆ ಹೆಸರು ಬೇಡ."

"ಮತ್ತೆ ನಾನೇನು ಹೇಳಲಿ ಮೇಡಂ?" ಖಂಡನೆಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಹಲ್ಲು ನೋವು ಅಂತ ಬಂದವರ ಹತ್ರ ನಾನು ಪಕ್ಕದ ಬೀದಿ ಡಾಕ್ಟರನ್ನ ಬೈತಾ ಕೂತ್ರೆ ಆಗುತ್ತಾ? ಯಾವ ಹಲ್ಲು ಅಂತ ಕೇಳಬೇಕು. ಹೋಗಿ ಕೇಳಿ."

ಯುವ ಘಟಕದ ಮುಖ್ಯಸ್ಥ, ಅವನಿಗೊಬ್ಬ ಮೊಮ್ಮಗಳಿದ್ದಳು, ಇದಕ್ಕೊಂದು ಉಪಸಮಿತಿ ಮಾಡೋಣ ಎಂದ. ಅಷ್ಟರಲ್ಲಿ ಕೆಳಗೆ ಯಂತ್ರ ಶುರುವಾಯಿತು.

ಖಂಡನೆಯ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವತ್ತು ಸಂಜೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, "ಲಿಫ್ಟ್ ಇವತ್ತೂ ಇಲ್ಲ," ಎಂದಳು. ಎಷ್ಟೋ ಕಾಲದಿಂದ ಅವಳು ಅದನ್ನೇ ಹೇಳುತ್ತಿದ್ದಳು. ಅವನು ಪ್ರತಿ ಸಲವೂ ಅದು ಮೇಯರ್ ವೈಫಲ್ಯ ಎಂದು ಹೇಳಿ ತಟ್ಟೆ ಎಳೆದುಕೊಳ್ಳುತ್ತಿದ್ದ. ಈಗ ಆ ಹೆಸರು ಎತ್ತುವಂತಿರಲಿಲ್ಲವಾದ್ದರಿಂದ ಬಾಯಲ್ಲಿ ಬೇರೆ ಮಾತು ಬಂತು.

"ಹಾಗಾದ್ರೆ ರೋಗಿಗಳು ಮೇಲೆ ಹೇಗೆ ಹೋಗ್ತಾರೆ?"

ಅವಳು ಗಂಡನ ಮುಖ ನೋಡಿದಳು. "ಯಾಕ್ರೀ, ಮೈ ಹುಷಾರಿಲ್ವಾ?"

ಆಮೇಲೆ ಹೇಳಿದಳು. ಹೆರಿಗೆ ವಾರ್ಡು, ಮೂಳೆ ವಾರ್ಡು ಎರಡೂ ಎರಡನೇ ಮಹಡಿಯಲ್ಲಿ. ಮನೆಯವರು ಗಟ್ಟಿ ಇದ್ದರೆ ಹೊತ್ತುಕೊಂಡು ಹೋಗುತ್ತಾರೆ. ಇಲ್ಲದವರು ಒಂದೊಂದೇ ಮೆಟ್ಟಿಲಲ್ಲಿ ಕೂತು, ಎದ್ದು, ಕೂತು ಹತ್ತುತ್ತಾರೆ. ಅವಳು ಹೇಳಿ ಮುಗಿಸುವಷ್ಟರಲ್ಲಿ ನೀರು ತಣ್ಣಗಾಗಿತ್ತು. ಅವನೇ ಎದ್ದು ಬೇರೆ ನೀರು ಕಾಯಿಸಿ ತಂದ.

ಮಾರನೆಯ ವಾರ ಪಕ್ಷದವರು ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿ ನಿಂತರು. ಬಾವುಟ ಬೇಡ, ಘೋಷಣೆ ಬೇಡ, ಪಕ್ಷದ ಹೆಸರು ಬೇಡ, ಫೋಟೊ ಬೇಡವೇ ಬೇಡ ಎಂದು ಅಧ್ಯಕ್ಷೆ ಕಟ್ಟಪ್ಪಣೆ ಮಾಡಿದ್ದರು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಕಾಲಿಗೊಬ್ಬರಂತೆ ಹಿಡಿದು ಎತ್ತುವುದು. ಹೇಗೆ ಎತ್ತಬೇಕೆಂದು ನರ್ಸೇ ನಿಂತು ಕಲಿಸಿದಳು.

"ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಏನ್ರೀ, ಹಿಂದಿನ ಎಡಗಾಲಿನವರೇ, ನಿಮಗೇ ಹೇಳಿದ್ದು."

ಹಿಂದಿನ ಎಡಗಾಲು ಖಂಡನೆಯದು. ಡ್ಯೂಟಿಯಲ್ಲಿದ್ದಾಗ ಅವಳಿಗೆ ಗಂಡನ ಗುರುತು ಹತ್ತುತ್ತಿರಲಿಲ್ಲ.

ಅವನ ಬೆನ್ನು ಹಿಡಿದುಕೊಂಡಿತು. ಮಾತಾಡಿ ಅಭ್ಯಾಸವಿದ್ದ ಬಾಯಿ ಏದುಸಿರು ಬಿಡುವುದಕ್ಕೆ ಮಾತ್ರ ಉಳಿಯಿತು. ಆದರೆ ಹೊತ್ತು ಹೋಗುವಾಗ ಜನ ತಾವಾಗಿ ಮಾತಾಡುತ್ತಿದ್ದರು. ಅವನು ಮೊದಲ ಸಲ ಪೂರ್ತಿ ಕೇಳಿಸಿಕೊಂಡ. ನಡುವೆ ಬಾಯಿ ಹಾಕಲು ಉಸಿರಿರಲಿಲ್ಲ.

ಒಂದು ಬೆಳಿಗ್ಗೆ ಸೊಂಟ ಮುರಿದ ಅಜ್ಜಿಯೊಬ್ಬರು ಬಂದರು. ಭಾರಿ ಆಳು. ಹಿಂದೆ ಅವರ ಚೀಲ ಹಿಡಿದು ಬಂದವನು ಆಡಳಿತ ಪಕ್ಷದ ವಾರ್ಡ್ ಸದಸ್ಯ, ಅವರ ಅಕ್ಕನ ಮಗ. ಯುವ ಘಟಕದ ಮುಖ್ಯಸ್ಥ ಅವನನ್ನು ಕಂಡದ್ದೇ ಕುರ್ಚಿ ಬಿಟ್ಟು ಎದೆ ಸೆಟೆಸಿ ನಿಂತ. ಕುರ್ಚಿ ಒಂದು ಕಡೆ ವಾಲಿತು.

"ಯಾರಪ್ಪಾ ನೀವೆಲ್ಲ?" ಎಂದರು ಅಜ್ಜಿ.

ಹೇಳುವಂತಿರಲಿಲ್ಲ. ಖಂಡನೆ ಬೆವರು ಒರೆಸಿಕೊಂಡು, "ಎರಡನೇ ಮಹಡಿಯವರು ಅಜ್ಜಿ," ಎಂದ.

"ಎಲ್ಲ ನಾಟಕ ಚಿಕ್ಕಮ್ಮ," ಎಂದ ವಾರ್ಡ್ ಸದಸ್ಯ. "ಇವರು ವಿರೋಧ ಪಕ್ಷದವರು. ನಮ್ಮ ಮರ್ಯಾದೆ ತೆಗೆಯೋಕೆ ಹೊರ್ತಾ ಇದಾರೆ."

"ಹಾಗಾದ್ರೆ ಮರ್ಯಾದೆ ಉಳಿಸ್ಕೊ. ಅಲ್ಲೊಂದು ಕಾಲು ಖಾಲಿ ಇದೆ, ಹಿಡಿ."

ಅವನು ಸುತ್ತಲೂ ನೋಡಿದ. ಜನ ಅವನನ್ನೇ ನೋಡುತ್ತಿದ್ದರು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಕುರ್ಚಿ ಹಿಡಿದ. ತಿರುವಿನಲ್ಲಿ ಎರಡು ಪಕ್ಷದವರೂ ಒಟ್ಟಿಗೆ "ಅಯ್ಯಪ್ಪಾ" ಎಂದರು. ಕಾಲು ಮುರಿದುಕೊಂಡಿದ್ದ ರೋಗಿಯೊಬ್ಬನ ಮೈದುನ ಮೇಲಿಂದ ಫೋಟೊ ತೆಗೆದ. ಅವನಿಗೆ ಅಧ್ಯಕ್ಷೆಯ ಅಪ್ಪಣೆ ಅನ್ವಯಿಸುತ್ತಿರಲಿಲ್ಲ.

ಫೋಟೊ ಊರೆಲ್ಲ ಸುತ್ತಿತು. ಎಷ್ಟೋ ಕಾಲ ಸಿಗದಿದ್ದ ಲಿಫ್ಟಿನ ಬಿಡಿಭಾಗ ತಕ್ಷಣ ಸಿಕ್ಕಿತು. ಮೇಯರ್ ಬಂದು ರಿಬ್ಬನ್ ಕತ್ತರಿಸಿದರು. ಭಾಷಣದಲ್ಲಿ ಲಿಫ್ಟಿನ ಬಗ್ಗೆ ಒಂದು ಮಾತು, ಮಿಕ್ಕಿದ್ದೆಲ್ಲ ವಿರೋಧ ಪಕ್ಷದ ಬಗ್ಗೆ. ರೋಗಿಗಳನ್ನು ಹೊತ್ತು ರಾಜಕೀಯ ಮಾಡಿದವರು ಇಂಥವರೇ ಎಂದು ಹೆಸರು ಹಿಡಿದು, ಮತ್ತೆ ಮತ್ತೆ ಹೇಳಿದರು. ಹೊತ್ತವರು ಯಾರೆಂದು ಗೊತ್ತಿಲ್ಲದಿದ್ದವರಿಗೂ ಗೊತ್ತಾಯಿತು.

ಯುವ ಘಟಕದ ಮುಖ್ಯಸ್ಥನಿಗೆ ಸಹಿಸಲಾಗಲಿಲ್ಲ. "ಬೆವರು ನಮ್ಮದು, ಕತ್ತರಿ ಅವರದ್ದಾ? ಖಂಡನೆ, ಬರಿ ಒಂದು!"

ಖಂಡನೆ ಬರೆದ. "ಲಿಫ್ಟ್ ಸರಿಹೋಗಿದೆ, ಸಂತೋಷ. ಮಕ್ಕಳ ವಾರ್ಡಿನಲ್ಲಿ ಬಿಸಿನೀರು ಬರುತ್ತಿಲ್ಲ. ಯಾವಾಗ ಬರುತ್ತದೆ?"

"ಇದರಲ್ಲಿ ಬೈಗುಳ ಎಲ್ಲಿದೆ?"

"ಇದೇ ಇರಲಿ," ಎಂದರು ಅಧ್ಯಕ್ಷೆ. ಎಲ್ಲ ಪತ್ರಿಕೆಗಳೂ ಪೂರ್ತಿ ಹಾಕಿದವು. ಜಾಗ ಹೆಚ್ಚು ಬೇಕಿರಲಿಲ್ಲ.

ಚುನಾವಣೆಯಲ್ಲಿ ಪಕ್ಷ ಮತ್ತೆ ಸೋತಿತು. ಆದರೆ ಆಸ್ಪತ್ರೆಯ ಸುತ್ತಲಿನ ವಾರ್ಡುಗಳು ಅವರ ಕೈಗೆ ಬಂದವು. ಅವುಗಳಲ್ಲೊಂದರಲ್ಲಿ ನಿಂತು ಗೆದ್ದವನು ಖಂಡನೆ, ಕೂದಲೆಳೆಯ ಅಂತರದಲ್ಲಿ. ಸಮಿತಿ ಎಂದಿನಂತೆ ಸೇರಿತು. ಗೆಲುವಿಗೆ ಕಾರಣ ಹುಡುಕುವುದು ಯಾರಿಗೂ ರೂಢಿಯಿಲ್ಲದ್ದರಿಂದ ಚಹಾ ಕುಡಿದು ಎದ್ದಿತು.

ಮನೆಯಲ್ಲಿ ಅವನು ಹಾರ ತೆಗೆದು ಗೂಟಕ್ಕೆ ಹಾಕಿ, ಹೆಂಡತಿಯನ್ನು ಮೆಲ್ಲಗೆ ಕೇಳಿದ. "ನೀನು ನನಗೇ ಹಾಕಿದೆ ತಾನೆ?"

ಅವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. "ಮತದಾನ ಗುಪ್ತ ಅಲ್ವೇನ್ರೀ," ಎಂದಳು. ಕಾಲರ್ ಮುಗಿಸಿ, ತೋಳು ತಿರುಗಿಸಿದಳು. "ಅದಿರಲಿ, ಬಿಸಿನೀರು ಯಾವಾಗ ಬಿಡಿಸ್ತೀರಿ?"

ಅವನು ಕುರ್ಚಿ ಎಳೆದುಕೊಂಡು ಅವಳೆದುರು ಕೂತ. "ಪೈಪ್ ಎಲ್ಲಿ ಕೆಟ್ಟಿದೆ, ಅದು ಹೇಳು ಮೊದಲು," ಎಂದ.