ಪಟ್ಟಿಯಲ್ಲಿ ಅಕ್ಕನ ಹೆಸರು

ಅಕ್ಕನ ಸರ್ವರ್ ಮತ್ತೆ ಮಕಾಡೆ ಮಲಗಿತ್ತು.

ಅಕ್ಕನದೆಂದರೆ ಅವಳ ಸ್ವಂತದ್ದಲ್ಲ. ಬೆಟ್ಟದ ಮೇಲಿನ ಜಲಾಶಯದಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ನೀರಿನ ಮಟ್ಟವನ್ನು ಅಳೆದು ಕೆಳಗಿನ ಊರುಗಳಿಗೆ ತಿಳಿಸುವ ಅಂಗೈಯಗಲದ ಪೆಟ್ಟಿಗೆಯೊಂದು ಅಲ್ಲಿದೆ, ಅದೇ ಈ ಸರ್ವರ್. ಅದನ್ನು ದೂರದಿಂದ ಸಂಭಾಳಿಸುವವನು ನಾನು, ಕಚೇರಿಯ ನೆಲಮಾಳಿಗೆಯಲ್ಲಿ, ಒಬ್ಬನೇ. ಕಿಟಕಿಯಿಲ್ಲ. ಮಾತಾಡಬೇಕೆನಿಸಿದರೆ ಫ್ಯಾನುಗಳ ಜೊತೆ ಮಾತಾಡಬೇಕು.

ಭಾವ ತೀರಿಹೋದ ಮೇಲೆ ಅಕ್ಕ ಫೋನ್ ಎತ್ತುವುದನ್ನೇ ಕಡಿಮೆ ಮಾಡಿದ್ದಳು. "ದಿನಾ ಮಾತಾಡೋಕೆ ಏನಿರುತ್ತೆ?" ಎನ್ನುತ್ತಿದ್ದಳು. ನಾನೂ ಮುಖ ಊದಿಸಿಕೊಂಡು ಸುಮ್ಮನಾದೆ. ಆದರೆ ಬೆಳಿಗ್ಗೆ ಅವಳು ಪೆಟ್ಟಿಗೆಗೆ ಲಾಗಿನ್ ಆಗುತ್ತಿದ್ದಳು. ಒಳಗೆ ಯಾರಿದ್ದಾರೆ ಎಂದು ಕೇಳಿದರೆ ಅದು ಪಟ್ಟಿ ತೋರಿಸುತ್ತದೆ: ನನ್ನ ಹೆಸರು, ಅದರ ಕೆಳಗೆ ಅವಳದು. ಸದ್ಯ, ಅಕ್ಕ ಎದ್ದಿದ್ದಾಳೆ ಎಂದುಕೊಂಡು ಚಹಾಕ್ಕೆ ಹೋಗುತ್ತಿದ್ದೆ. ಆ ಒಂದು ಸಾಲಿಗಾಗಿಯೇ ನಾನು ಕೆಲಸಕ್ಕೆ ಬೇಗ ಬರುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ತೊಂದರೆಯೆಲ್ಲ ಲಾಗಿನ್ ಸಾಫ್ಟ್‌ವೇರಿನದು. ಅದು ಬಾಗಿಲ ಕಾವಲುಗಾರನಿದ್ದಂತೆ. ನಮ್ಮ ಹಳಬ ದೊಡ್ಡ ಸರ್ವರುಗಳಿಗೆ ಹೇಳಿ ಮಾಡಿಸಿದವನು. ಇಲ್ಲಿ ಮಾತ್ರ ನಾವಿಬ್ಬರು ಒಳಗೆ ಬಂದರೆ ಸಾಕು, ಇದ್ದ ಚೂರು ಮೆಮೊರಿಯನ್ನೂ ನುಂಗಿಬಿಡುತ್ತಿದ್ದ. ಅಳತೆಯ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತಿತ್ತು.

"ನೀರು ಏರಿದಾಗ ಇದು ಮಲಗಿದ್ರೆ ಕೆಳಗಿನವರ ಗತಿ ಏನ್ರೀ? ಇವತ್ತೇ ಏನಾದ್ರೂ ಮಾಡಿ," ಎಂದು ಇಂಜಿನಿಯರ್ ಸಾಹೇಬರು ಗುಡುಗಿದರು.

ಇಂಥ ಪುಟ್ಟ ಪೆಟ್ಟಿಗೆಗಳಿಗೆಂದೇ ಮಾಡಿದ ಸಣಕಲ ಕಾವಲುಗಾರನೊಬ್ಬನಿದ್ದ. ಬೀಗ ಅಷ್ಟೇ ಭದ್ರ, ಹೊಟ್ಟೆ ಚಿಕ್ಕದು. ಆದರೆ ನಮ್ಮ ಹಳೇ ಪೆಟ್ಟಿಗೆಗೆ ಸಿಗುತ್ತಿದ್ದ ಆವೃತ್ತಿಯಲ್ಲಿ ಭಾರ ಇಳಿಸಲು ಒಂದು ಕೆಲಸ ಬಿಟ್ಟಿದ್ದರು: ಬಂದವರ, ಹೋದವರ ಹೆಸರನ್ನು ಅದು ಪಟ್ಟಿಗೆ ಬರೆಯುವುದಿಲ್ಲ. ಆ ಕಡೆ ಅಷ್ಟೂ ಊರುಗಳು, ಈ ಕಡೆ ನನ್ನ ಒಂದು ಸಾಲು. ಇದನ್ನು ಸಾಹೇಬರ ಮುಂದೆ ಯಾವ ಬಾಯಲ್ಲಿ ಹೇಳಲಿ? ಊಟದ ಹೊತ್ತಿನವರೆಗೂ ಮೀನಮೇಷ ಎಣಿಸಿ ಸಣಕಲನನ್ನೇ ಆರಿಸಿದೆ.

ನಮ್ಮ ಕಸುಬಿನಲ್ಲಿ ಹಳೇ ಬಾಗಿಲು ತೆರೆದಿಟ್ಟುಕೊಂಡೇ ಹೊಸ ಬಾಗಿಲಿಂದ ಒಳಗೆ ಬಂದು ನೋಡಬೇಕು. ಇಲ್ಲದಿದ್ದರೆ ಹೊರಗೇ ಉಳಿದು ಬೆಟ್ಟ ಹತ್ತಬೇಕಾಗುತ್ತದೆ. ಹಾಗೇ ಮಾಡಿದೆ. ಹೊಸದು ಸರಿಯಿತ್ತು. ಹಳೆಯದರಿಂದ ಹೊರಬಂದು ಅದನ್ನು ನಿಲ್ಲಿಸಿದೆ. ಕೊನೆಯದಾಗಿ ಪಟ್ಟಿ ಕೇಳಿದರೆ ನನ್ನ ಹೆಸರಿಲ್ಲ, ಅಕ್ಕನದು ಇದೆ! ಸಣಕಲನಿಗೂ ಕರುಣೆಯಿದೆ ಎಂದುಕೊಂಡೆ.

ಮರುದಿನವೂ ಇತ್ತು, ಅದರ ಮರುದಿನವೂ. ನಿಶ್ಚಿಂತೆಯಿಂದ ಚಹಾ ಕುಡಿದೆ. ಪೆಟ್ಟಿಗೆ ಒಮ್ಮೆಯೂ ಮಲಗಲಿಲ್ಲ.

ವಾರ ಕಳೆದು ಅಕ್ಕನೇ ಫೋನ್ ಮಾಡಿದಳು.

"ಲೋ ಗೂಬೆ, ಹುಷಾರಾಗಿದೀಯಾ?"

"ನನಗೇನಾಗಿದೆ? ನಿನ್ನ ದನಿ ಯಾಕಕ್ಕ ಹಾಗಿದೆ?"

"ಜ್ವರ ಕಣೋ. ಹಾಸಿಗೆಯಿಂದ ಏಳೋಕೇ ಆಗಿರಲಿಲ್ಲ. ಇವತ್ತು ಹೇಗೋ ಎದ್ದು ಲಾಗಿನ್ ಆದ್ರೆ, ಪಟ್ಟೀಲಿ ನಿನ್ನ ಹೆಸರೇ ಇಲ್ಲ. ಎದೆ ಧಸಕ್ಕಂತು. ದಿನಾ ಅದನ್ನ ನೋಡ್ಕೊಂಡೇ ಅಲ್ವಾ ನಾನು ಕೆಲಸ ಶುರು ಮಾಡೋದು."

ಹಳಬನನ್ನು ನಿಲ್ಲಿಸಿದಾಗ ಅಕ್ಕ ಒಳಗಿದ್ದಳು. ಅವಳು ಹೊರಹೋದಾಗ ಹೆಸರನ್ನು ಅಳಿಸಬೇಕಾದವನೇ ಇಲ್ಲದೆ ಅದು ಅಲ್ಲೇ ಉಳಿದುಬಿಟ್ಟಿತ್ತು. ಇದೇ ಕಸುಬಿನಲ್ಲಿ ತಲೆ ನರೆತವನಿಗೆ ಇದು ಹೊಳೆಯಬೇಕಿತ್ತು. ಅವಳು ಒಂದು ಲೋಟ ನೀರು ಕೊಡುವವರಿಲ್ಲದೆ ಮಲಗಿದ್ದಾಗ ನಾನು ಸುಳ್ಳು ಸಾಲನ್ನು ನೋಡಿ ನೆಮ್ಮದಿಯಾಗಿದ್ದೆ.

"ಇಲ್ಲೇ ಇದೀನಕ್ಕ," ಎಂದೆ. "ಇನ್ಮೇಲೆ ದಿನಾ ಬೆಳಿಗ್ಗೆ ಫೋನ್ ಮಾಡ್ತೀನಿ."

"ದಿನಾ ಮಾತಾಡೋಕೆ ಏನಿರುತ್ತೆ?"

ಪರದೆಯ ಮೇಲೆ ಅವಳ ಹೆಸರು ಇನ್ನೂ ಇತ್ತು. ಅಳಿಸಿದೆ.

"ಏನೂ ಇರಲ್ಲ," ಎಂದೆ.

ಅವಳು ಸ್ವಲ್ಪ ಹೊತ್ತು ಕೆಮ್ಮಿದಳು.

"ಮರೀಬೇಡ ಮತ್ತೆ," ಎಂದಳು.