ಅರ್ಧ ಬೆಲೆಯ ಊರು

ಹೊಲಿಗೆ ಅಂಗಡಿಯ ಅಕ್ಕ ಸುಳ್ಳು ಹೇಳುವವಳಲ್ಲ, ತಂಗಿಯ ಹತ್ತಿರ ಬಿಟ್ಟು. ತಂಗಿ ಇದ್ದದ್ದು ಪಕ್ಕದ ರಾಜ್ಯದಲ್ಲಿ. ಅಲ್ಲಿನ ಬೇಕರಿಯೊಂದರಲ್ಲಿ ಕೆಲಸ. ಇಬ್ಬರೂ ಒಂಟಿ. ಹನ್ನೆರಡು ವರ್ಷಗಳಿಂದ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಜಗಳ: ಯಾರ ರಾಜ್ಯದಲ್ಲಿ ಬದುಕು ಅಗ್ಗ? ತಂಗಿ, "ಇಲ್ಲಿ ಟೊಮೆಟೊ ಇಪ್ಪತ್ತು" ಎಂದರೆ ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ, "ನಮ್ಮಲ್ಲಿ ಹದಿನೆಂಟು" ಎನ್ನುತ್ತಿದ್ದಳು. ನಿಜವಾಗಿ ಮೂವತ್ತಾರು. ಬಾಡಿಗೆ, ಕರೆಂಟು, ಹಾಲು, ಯಾವುದೇ ಇರಲಿ, ಅಕ್ಕನ ಕತ್ತರಿ ಸರಿಯಾಗಿ ಅರ್ಧಕ್ಕೇ ಬೀಳುತ್ತಿತ್ತು. ತಂಗಿಗೆ ಸೋಲುವುದುಂಟೇ!

ಒಂದು ಭಾನುವಾರ ತಂಗಿಯೇ ಸೋತುಬಿಟ್ಟಳು. "ಆಯ್ತು ಕಣೇ ಅಕ್ಕಾ, ನಿಮ್ಮ ಕಡೆನೇ ಅಗ್ಗ. ಗುರುವಾರ ಬರ್ತೀನಿ. ರೇಟೆಲ್ಲ ಕಣ್ಣಾರೆ ನೋಡಿ, ಸರಿ ಅನ್ಸಿದ್ರೆ ಅಲ್ಲೇ ಇದ್ದುಬಿಡ್ತೀನಿ."

ಅಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ಭಯವೂ ಹತ್ತಿತು. ತಂಗಿ ಜೊತೆಗಿರಬೇಕೆಂದು ತಾನೆಷ್ಟು ಹಂಬಲಿಸಿದ್ದೆ ಎಂಬುದು ಅವಳಿಗೆ ಗೊತ್ತಾದದ್ದೇ ಆಗ. ನಿಜವಾದ ರೇಟು ಕಿವಿಗೆ ಬಿದ್ದರೆ ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತಾಳಲ್ಲ!

ನೆಟ್ಟಗೆ ತರಕಾರಿ ಅಂಗಡಿಯವಳ ಹತ್ತಿರ ಓಡಿದಳು.

"ಗುರುವಾರ ನನ್ನ ತಂಗಿ ಎದುರು ಎಲ್ಲಾ ಅರ್ಧ ರೇಟ್ ಹೇಳೇ. ಮಿಕ್ಕಿದ್ದು ನಾನು ಕೊಡ್ತೀನಿ."

"ನಿಂಗೇನು ತಲೆ ಕೆಟ್ಟಿದ್ಯಾ?"

"ಎರಡು ಅಂಗಿ ಪುಕ್ಕಟೆ ಹೊಲಿದು ಕೊಡ್ತೀನಿ."

ತರಕಾರಿಯವಳು ಮತ್ತೆ ತಕರಾರು ಮಾಡಲಿಲ್ಲ.

ಗುರುವಾರ ತಂಗಿ ಮೂರು ದೊಡ್ಡ ಚೀಲ ಹೊತ್ತು ಬಂದಳು. ಅಕ್ಕನಿಗೆ ತನ್ನದೇ ತಳಮಳ. ಚೀಲಗಳನ್ನು ಮೂಲೆಗೆ ತಳ್ಳಿ, ಕಾಫಿ ಕುಡಿಸಿ, ತಂಗಿಯನ್ನು ತರಕಾರಿ ಅಂಗಡಿಗೆ ಎಳೆದೊಯ್ದಳು.

"ಟೊಮೆಟೊ ಹೇಗಮ್ಮಾ?" ಎಂದಳು ತಂಗಿ.

"ಕಿಲೋ ಹದಿನೆಂಟು."

"ಹದಿನೆಂಟಾ! ಹಗಲು ದರೋಡೆ. ಹತ್ತಕ್ಕೆ ಕೊಡು."

ತರಕಾರಿಯವಳು ಅಕ್ಕನ ಮುಖ ನೋಡಿದಳು. ಅಕ್ಕ ಎರಡೂ ಕಣ್ಣು ಮಿಟುಕಿಸಿದಳು.

"ಹೋಗ್ಲಿ, ಹತ್ತೇ ಕೊಡಿ."

"ಎಂಟು!"

"ಈಗ ತಾನೇ ಹತ್ತು ಅಂದ್ರಲ್ಲ!" ತರಕಾರಿಯವಳ ತಾಳ್ಮೆ ತಪ್ಪಿತು. "ಏ ಹೊಲಿಗೆಯಕ್ಕಾ, ಎರಡು ಅಂಗಿಗೆಲ್ಲ ಇದು ಗಿಟ್ಟಲ್ಲ. ನಾಲ್ಕಾದ್ರೂ ಆಗ್ಬೇಕು!"

ಗುಟ್ಟು ರಟ್ಟಾಯಿತು. ಅಕ್ಕ ತಲೆ ತಗ್ಗಿಸಿದಳು. "ಸುಳ್ಳು ಕಣೇ. ಟೊಮೆಟೊ ಮೂವತ್ತಾರು. ಬಾಡಿಗೆನೂ ನಾನು ಹೇಳಿದ್ದರ ಎರಡರಷ್ಟು. ನೀನು ಬರ್ಬೇಕು ಅಂತ..."

ತಂಗಿ ನಕ್ಕೂ ನಕ್ಕೂ ಈರುಳ್ಳಿ ಮೂಟೆಯ ಮೇಲೆ ಕುಸಿದು ಕೂತಳು.

"ಗೊತ್ತು ಕಣೇ. ನಾನೂ ಹನ್ನೆರಡು ವರ್ಷದಿಂದ ಅರ್ಧನೇ ಹೇಳ್ತಿದ್ದೆ. ನೀನು ನನ್ನಕ್ಕ ಅಲ್ವಾ? ನೀನು ಹೇಳಿದ್ದನ್ನೆಲ್ಲ ಎರಡರಷ್ಟು ಮಾಡ್ಕೊಂಡು ನೋಡ್ದೆ. ಹೆಚ್ಚೂಕಮ್ಮಿ ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ."

"ಮತ್ತೆ ಬಂದಿದ್ಯಾಕೆ?"

"ಇರೋಕೆ. ಬೇಕರಿ ಕೆಲಸ ಬಿಟ್ಟಾಯ್ತು, ಮನೆ ಖಾಲಿ ಮಾಡಾಯ್ತು. ಮೂರು ಚೀಲ ಯಾರಾದ್ರೂ ಸುಮ್ಸುಮ್ನೆ ಹೊರ್ತಾರೇನೇ?"

ಅಕ್ಕ ಅಂಗಡಿಯೆದುರೇ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಷ್ಟು ಸುಖವಾಗಿ ಅವಳು ಯಾವತ್ತೂ ಅತ್ತಿರಲಿಲ್ಲ.

"ನನ್ನ ಅಂಗಿ?" ಎಂದಳು ತರಕಾರಿಯವಳು.

"ಆರು ಹೊಲಿದು ಕೊಡ್ತೀನಿ," ಎಂದಳು ಅಕ್ಕ, ಮೂಗೊರೆಸಿಕೊಳ್ಳುತ್ತಾ.

ತರಕಾರಿಯವಳು ತಂಗಿಯ ಕಡೆ ತಿರುಗಿದಳು. "ಇವಳ ಮಾತು ಅಂದ್ಮೇಲೆ, ಹನ್ನೆರಡು ಅಂತ ಲೆಕ್ಕ ಹಾಕ್ಕೊಳ್ಲಾ?"